ಮಾಂಟ್ರಿಯಲ್‌ಗೆ ಹೋದ ವರದಿ, ಕೋಯಿಕ್ಕೋಡ್‌ಗೆ ಮುಟ್ಟದ ಪಾಠ

ಭಾರತದ ವಿಮಾನಯಾನದ ಪಾಲಿಗೆ 2025 ಕೆಟ್ಟ ವರ್ಷ. ಜೂನ್ 12ರಂದು ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 787, ನೆಲ ಬಿಟ್ಟ ಅರೆ ನಿಮಿಷದ ಆಸುಪಾಸಿನಲ್ಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಬದುಕಿದ್ದು ಒಬ್ಬರು. ನೆಲದ ಮೇಲಿದ್ದ 19 ಮಂದಿಯೂ ಸೇರಿ 260 ಜೀವ ಹೋಯಿತು. ಸರಿಯಾಗಿ ಮೂವತ್ತು ದಿನಕ್ಕೆ, ಜುಲೈ 12ರಂದು, ವಿಮಾನ ಅಪಘಾತ ತನಿಖಾ ಬ್ಯೂರೊ ಪ್ರಾಥಮಿಕ ವರದಿಯನ್ನು ಹೊರಗಿಟ್ಟಿತು. ಮೂವತ್ತು ದಿನದ ಈ ಗಡುವು ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಎಲ್ಲ ಸದಸ್ಯ ರಾಷ್ಟ್ರಗಳಿಗೂ ಹಾಕಿಕೊಟ್ಟಿರುವುದು. ಗಡುವನ್ನು ಪಾಲಿಸಿದ ಬ್ಯೂರೊವನ್ನು ಮೆಚ್ಚಬೇಕು. ಹಾಗೆಯೇ, 2010ರ ಮಂಗಳೂರು ವಿಮಾನ ದುರಂತದಿಂದ ಈಚೆಗಿನ ಹದಿನೈದು ವರ್ಷಗಳಲ್ಲಿ ನಾವು ಕಳಿಸಿದ ವರದಿಗಳು ನಮಗೇ ಎಷ್ಟು ಕಲಿಸಿದವು ಎಂದು ಲೆಕ್ಕ ಹಾಕಲೂ ಇದು ಸರಿಯಾದ ಹೊತ್ತು.

ವ್ಯವಸ್ಥೆ ಹಳೆಯದು. ಅಪಘಾತ ಯಾವ ದೇಶದಲ್ಲಿ ಆಯಿತೋ ಆ ದೇಶವೇ ತನಿಖೆ ನಡೆಸಬೇಕೆಂದು 1944ರ ಷಿಕಾಗೊ ಒಪ್ಪಂದದ 26ನೇ ವಿಧಿ ಹೇಳಿತು. 1951ರಲ್ಲಿ ಬಂದ ಅದರ 13ನೇ ಅನುಬಂಧ ತನಿಖೆಯ ರೀತಿನೀತಿಗಳನ್ನು ಗೊತ್ತುಮಾಡಿತು. ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು. ತಪ್ಪಿತಸ್ಥರನ್ನು ಗುರುತಿಸುವುದು ಅದರ ಕೆಲಸವಲ್ಲ ಎಂಬುದು ಈ ಅನುಬಂಧದ ತಿರುಳು. ವಿಮಾನ ನೋಂದಣಿಯಾದ ದೇಶ, ಅದನ್ನು ಹಾರಿಸುವ ದೇಶ, ವಿನ್ಯಾಸ ಮಾಡಿದ ದೇಶ, ತಯಾರಿಸಿದ ದೇಶ, ಎಲ್ಲಕ್ಕೂ ತಡಮಾಡದೆ ತಿಳಿಸಬೇಕು. 2,250 ಕಿಲೊಗಿಂತ ಭಾರದ ವಿಮಾನವಾದರೆ ಪ್ರಾಥಮಿಕ ವರದಿ ಐಸಿಎಒಗೂ ಹೋಗಬೇಕು. ಅಂತಿಮ ವರದಿ ಸಾಧ್ಯವಾದರೆ ಹನ್ನೆರಡು ತಿಂಗಳೊಳಗೆ ಬರಬೇಕು, ಆಗದಿದ್ದರೆ ಪ್ರತಿ ವರ್ಷ ಅದೇ ದಿನ ತನಿಖೆ ಎಲ್ಲಿಗೆ ಬಂತೆಂದು ಹೇಳಬೇಕು.

ಹೀಗೆ ಬಂದ ಮಾಹಿತಿಯನ್ನು ಒಂದೇ ನಮೂನೆಯಲ್ಲಿ ಕೂಡಿಡಲು 1976ರಲ್ಲಿ ಹುಟ್ಟಿದ್ದು 'ಅಡ್ರೆಪ್' ವ್ಯವಸ್ಥೆ. 2026ಕ್ಕೆ ಅದಕ್ಕೆ ಐವತ್ತು ವರ್ಷ. ಅದಕ್ಕೆ ಬಲ ಬಂದಿರುವುದು ಎಲ್ಲ ದೇಶಗಳೂ ಒಂದೇ ಅಳತೆಗೋಲು ಹಿಡಿದಿರುವುದರಿಂದ. ಗಾಯಗೊಂಡವರು ಮೂವತ್ತು ದಿನದೊಳಗೆ ತೀರಿಕೊಂಡರೆ ಅದು ಅಪಘಾತದ ಸಾವು. ರನ್‌ವೇ ಮೀರಿ ಹೋದದ್ದಕ್ಕೆ ಒಂದು ವರ್ಗ, ಹಾರಾಟದಲ್ಲಿ ಹತೋಟಿ ತಪ್ಪಿದ್ದಕ್ಕೆ ಇನ್ನೊಂದು. ಅದರಿಂದಲೇ ನೇಪಾಳದ ಲೆಕ್ಕವನ್ನು ನಾರ್ವೆಯದರ ಪಕ್ಕ ಇಟ್ಟು ನೋಡಬಹುದು. ಐಸಿಎಒ ಲೆಕ್ಕದಂತೆ 2023ರಲ್ಲಿ ನಿಗದಿತ ವಾಣಿಜ್ಯ ಹಾರಾಟಗಳಲ್ಲಿ ಹತ್ತು ಲಕ್ಷಕ್ಕೆ 1.87 ಅಪಘಾತ, 2024ರಲ್ಲಿ ಅದು 2.56ಕ್ಕೆ ಏರಿತು, ಸಾವು 72ರಿಂದ 296ಕ್ಕೆ ಹೋಯಿತು. 2023ರ ಆ 72 ಸಾವೂ ಪೋಖರಾದ ಒಂದೇ ಅಪಘಾತದವು. ಸಾವಿನ ಸಂಖ್ಯೆ ಒಂದೇ ದಿನದಲ್ಲಿ ಏರಿಬಿಡಬಹುದು, ದಿಕ್ಕು ಗೊತ್ತಾಗುವುದು ದರದಿಂದ.

ಈ ಜರಡಿಯಲ್ಲಿ ಸೋರಿಹೋಗುವುದೂ ಉಂಟು. ತರಬೇತಿ ಶಾಲೆಗಳು ಹಾರಿಸುವ ಸೆಸ್ನಾ 172ರ ತೂಕ 2,250 ಕಿಲೊದ ಅರ್ಧದಷ್ಟು ಮಾತ್ರ. ಜಕ್ಕೂರಿನಲ್ಲೋ ಬಾರಾಮತಿಯಲ್ಲೋ ಕಲಿಯುವ ಹುಡುಗರು ಅಂಥ ವಿಮಾನದಲ್ಲಿ ಅಪಘಾತಕ್ಕೆ ಸಿಕ್ಕರೆ ಮಾಂಟ್ರಿಯಲ್‌ಗೆ ವರದಿ ಕೊಡಲೇಬೇಕೆಂಬ ಕಟ್ಟಳೆ ಇಲ್ಲ.

ಭಾರತದ ತನಿಖಾ ಪದ್ಧತಿ ಬದಲಾದ ಕಥೆಯಲ್ಲಿ ಕರ್ನಾಟಕದ ಎರಡು ಊರುಗಳಿವೆ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಬಿದ್ದು 92 ಮಂದಿ ಸತ್ತಾಗ ಹೈಕೋರ್ಟ್ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ದೊಡ್ಡ ಅಪಘಾತಕ್ಕೆ ಇಂಥ ವಿಚಾರಣಾ ನ್ಯಾಯಾಲಯ, ಉಳಿದವಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ತನಿಖೆ ಎಂಬುದು ಆಗಿನ ರೂಢಿ. ನಿಯಮ ಮಾಡುವವರೇ ನಿಯಮ ಎಲ್ಲಿ ಸೋತಿತೆಂದು ಹುಡುಕುವ ಈ ಏರ್ಪಾಡು ಕೊನೆಗಂಡದ್ದು ಮಂಗಳೂರಿನ ನಂತರ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆ ನಡೆಯಿತು. 2012ರ ಜುಲೈನಲ್ಲಿ ಡಿಜಿಸಿಎಯಿಂದ ಬೇರ್ಪಟ್ಟ ತನಿಖಾ ಬ್ಯೂರೊ ಹುಟ್ಟಿತು.

ಗೋಖಲೆ ವರದಿ ಹೇಳಿದ್ದೇನು? ಇಳಿಯುವ ದಾರಿ ಸ್ಥಿರವಾಗಿರಲಿಲ್ಲ. ಇಳಿಯದೆ ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ಚಕ್ರ ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಬಹುಪಾಲು ಹಿಂದೆ ಉಳಿದಿತ್ತು. ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರ ಮಳೆಯಲ್ಲಿ, ಅದೇ ಕಂಪನಿಯ ಅದೇ ಬಗೆಯ ಬೋಯಿಂಗ್ 737, ಅದೇ ದುಬೈನಿಂದ ಹೊರಟು, ಅದೇ ಕರಾವಳಿಯ ಇನ್ನೊಂದು ಟೇಬಲ್‌ಟಾಪ್ ನಿಲ್ದಾಣವಾದ ಕೋಯಿಕ್ಕೋಡ್‌ನಲ್ಲಿ ರನ್‌ವೇ ದಾಟಿ ಕೆಳಕ್ಕೆ ಬಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ಬ್ಯೂರೊದ ಅಂತಿಮ ವರದಿ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದರಲ್ಲೂ ಅಸ್ಥಿರ ಇಳಿಕೆ, ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿದ್ದು, ಮೇಲೇರಲು ಸಹಪೈಲಟ್ ಹೇಳಿದ ಮಾತು ನಡೆಯದೆ ಹೋದದ್ದು. ಹೆಸರು, ತಾರೀಖು ಅಳಿಸಿ ಓದಿದರೆ ಯಾವ ವರದಿ ಯಾವುದೆಂದು ಹೇಳುವುದೇ ಕಷ್ಟ.

ಏನೂ ಬದಲಾಗಿರಲಿಲ್ಲ ಎನ್ನಲಾಗದು. ಮಂಗಳೂರಿನಲ್ಲಿ ರನ್‌ವೇ ತುದಿಯಾಚೆಗಿನ ಸುರಕ್ಷತಾ ಜಾಗ 90 ಮೀಟರ್ ಇತ್ತು. ಕೋಯಿಕ್ಕೋಡ್‌ನಲ್ಲಿ ಐಸಿಎಒ ಶಿಫಾರಸಿನಂತೆ 240 ಮೀಟರ್ ಇತ್ತು. ವಿಮಾನ ಅದನ್ನೂ ದಾಟಿತು. ಟೇಪು ಹಿಡಿದು ಅಳೆಯಬಹುದಾದದ್ದು ಸರಿಹೋಯಿತು; ಕಿರಿಯರ ಮಾತಿಗೆ ಕಾಕ್‌ಪಿಟ್‌ನಲ್ಲಿ ಬೆಲೆ ಇರಬೇಕೆಂಬುದು ಕಾಗದದಲ್ಲೇ ಉಳಿಯಿತು. ಮಳೆಯಲ್ಲಿ, ಹಿಂಗಾಳಿಯಲ್ಲಿ ಕೋಯಿಕ್ಕೋಡ್‌ನಲ್ಲಿ ಇಳಿಯುವುದು ಅಪಾಯ ಎಂದು ಸುರಕ್ಷತಾ ಸಲಹಾ ಸಮಿತಿಯ ಸದಸ್ಯ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಬರೆದು ಎಚ್ಚರಿಸಿದ್ದರು. ಮಾಹಿತಿಗೆ ಬರವಿರಲಿಲ್ಲ.

ಪಾಠ ನಾಟಿದ ಉದಾಹರಣೆಯೂ ನಮ್ಮಲ್ಲೇ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ಸತ್ತರು. ಆ ಬಳಿಕ ಡಿಕ್ಕಿ ತಪ್ಪಿಸುವ ಉಪಕರಣವಿಲ್ಲದ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಭಾರತದ ಆಕಾಶದಲ್ಲಿ ಹಾರಲು ಅವಕಾಶವಿಲ್ಲ ಎಂಬ ಆಜ್ಞೆ ಬಂತು. ಶಿಫಾರಸು ಆಜ್ಞೆಯಾದದ್ದರಿಂದ ಅಲ್ಲಿ ಪಾಠ ನಾಟಿತು.

ಅಹಮದಾಬಾದ್‌ನ ಪ್ರಾಥಮಿಕ ವರದಿ ಈ ವ್ಯತ್ಯಾಸವನ್ನೇ ಮತ್ತೆ ಮುಂದಿಡುತ್ತದೆ. ವಿಮಾನ ಮೇಲೇರಿದ ಕೂಡಲೇ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ 'ಕಟ್‌ಆಫ್' ಸ್ಥಾನಕ್ಕೆ ಹೋದವೆಂದು ಅದು ದಾಖಲಿಸಿದೆ; ಏಕೆ ಎಂದು ಹೇಳಿಲ್ಲ. ಇಂಥ ಸ್ವಿಚ್‌ಗಳ ಲಾಕ್ ಬಗ್ಗೆ ಅಮೆರಿಕದ ನಿಯಂತ್ರಣ ಸಂಸ್ಥೆ 2018ರಲ್ಲಿ ಸೂಚನೆ ಹೊರಡಿಸಿತ್ತು. ಅದು ಕಡ್ಡಾಯವಲ್ಲದ ಸಲಹೆಯಾದ್ದರಿಂದ ತಪಾಸಣೆ ನಡೆದಿರಲಿಲ್ಲ ಎಂದೂ ವರದಿ ತಿಳಿಸುತ್ತದೆ. ದುರಂತಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬುದನ್ನು ಅಂತಿಮ ವರದಿ ಹೇಳಬೇಕು. ಆದರೆ ಸಲಹೆ ಎಂಬ ಮುದ್ರೆ ಬಿದ್ದ ಕಾಗದದ ಗತಿ ಏನೆಂಬುದು ಈಗಲೇ ಕಾಣುತ್ತಿದೆ. ಇನ್ನೊಂದು ಕೊರತೆಯೂ ಇದೆ. ಪೈಲಟ್‌ಗಳ ಮಾತುಕತೆಯಿಂದ ಒಂದು ಪ್ರಶ್ನೆ, ಒಂದು ಉತ್ತರವನ್ನು ಮಾತ್ರ, ಯಾರದು ಯಾವುದೆಂದು ಹೇಳದೆ, ವರದಿ ಎತ್ತಿ ಕೊಟ್ಟಿತು. ಉಳಿದದ್ದನ್ನು ಟಿ.ವಿ. ಚಾನೆಲ್‌ಗಳು ತುಂಬಿಕೊಂಡು ತೀರ್ಪನ್ನೇ ಬರೆದುಬಿಟ್ಟವು.

ಸಾಧನೆಯ ಪಟ್ಟಿ ಚಿಕ್ಕದಲ್ಲ. ಈ ಸಲ ಬ್ಲ್ಯಾಕ್ ಬಾಕ್ಸ್ ತೆರೆದದ್ದು 2025ರ ಏಪ್ರಿಲ್‌ನಲ್ಲಷ್ಟೇ ಆರಂಭವಾದ ದೆಹಲಿಯ ಪ್ರಯೋಗಾಲಯದಲ್ಲಿ. ಅಮೆರಿಕ, ಬ್ರಿಟನ್‌ಗಳ ಪ್ರತಿನಿಧಿಗಳು ತನಿಖೆಯ ಜೊತೆಗಿದ್ದಾರೆ, ಐಸಿಎಒ ತಜ್ಞರೊಬ್ಬರಿಗೆ ವೀಕ್ಷಕರ ಸ್ಥಾನ ಸಿಕ್ಕಿದೆ. 2025ರಲ್ಲಿ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲೂ ಬ್ಯೂರೊಗೆ ಜಾಗವಿದೆ. ಆದರೂ ಡಿಜಿಸಿಎ ಮತ್ತು ಬ್ಯೂರೊ ಎರಡೂ ಒಂದೇ ಸಚಿವಾಲಯದ ಅಧೀನ. ಅಮೆರಿಕ ತನ್ನ ಸಾರಿಗೆ ಸುರಕ್ಷತಾ ಮಂಡಳಿಯನ್ನು ಸಾರಿಗೆ ಇಲಾಖೆಯಿಂದ ಬಿಡಿಸಿ ಅರ್ಧ ಶತಮಾನವಾಯಿತು. ನಮ್ಮ ಬ್ಯೂರೊ ಕೂಡ ಸಚಿವಾಲಯಕ್ಕೆ ಉತ್ತರ ಹೇಳುವ ಬದಲು ಸಂಸತ್ತಿಗೆ ಹೇಳುವಂತಾಗಬೇಕು.

ಅದಕ್ಕೆ ಕಾಯದೆ, ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಸುರಕ್ಷತಾ ಶಿಫಾರಸು ಕೈಸೇರಿದ ದೇಶ ತೊಂಬತ್ತು ದಿನದೊಳಗೆ ಏನು ಮಾಡಿದೆ, ಏನು ಮಾಡಲಿದೆ, ಮಾಡದಿದ್ದರೆ ಏಕೆ ಎಂದು ತಿಳಿಸಬೇಕೆಂದು 13ನೇ ಅನುಬಂಧವೇ ಕೇಳುತ್ತದೆ. ಇದೇ ಕಟ್ಟಳೆಯನ್ನು ಮನೆಯೊಳಗೂ ಹಾಕಿಕೊಳ್ಳಬೇಕು. ಕೋಯಿಕ್ಕೋಡ್ ವರದಿಯೊಂದೇ 43 ಶಿಫಾರಸು ಕೊಟ್ಟಿದೆ. ಪ್ರತಿಯೊಂದರ ಎದುರು ಯಾರಿಗೆ ಹೇಳಿದ್ದು, ಒಪ್ಪಿದರೇ, ಜಾರಿ ಯಾವಾಗ, ಬಿಟ್ಟಿದ್ದರೆ ಕಾರಣವೇನು ಎಂಬ ನಾಲ್ಕು ಕಾಲಂ ಬರೆದು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲು ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ. ಮಾಂಟ್ರಿಯಲ್‌ಗೆ ನಾವು ಲೆಕ್ಕ ಒಪ್ಪಿಸಿದ್ದೇವೆ. ಟಿಕೆಟ್ ಕೊಂಡು ವಿಮಾನ ಹತ್ತುವ ಪ್ರಯಾಣಿಕನಿಗೆ ಒಪ್ಪಿಸಬೇಕಾದ ಲೆಕ್ಕ ಬಾಕಿ ಇದೆ.