ಜ್ವರದೊಡನೆ ಇಲಿಯ ಸುದ್ದಿಯನ್ನೂ ಹೇಳಿ



ಕೆಲವು ವರ್ಷಗಳ ಹಿಂದೆ ಕಬ್ಬಿನ ಹಂಗಾಮಿನ ನಡುವೆಯೇ ಊರಿಗೆ ಮರಳಿದ ಒಬ್ಬ ಜ್ವರದ ರೋಗಿಯ ಜೊತೆ ನಾನು ದವಾಖಾನೆಗೆ ಹೋಗಿದ್ದೆ. ಕಣ್ಣು ಕೆಂಡದಂತಾಗಿದ್ದವು, ಮೀನಖಂಡ ಮುಟ್ಟಿದರೆ ಚೀರುತ್ತಿದ್ದರು. ಪರಸ್ಥಳಕ್ಕೆ ಹೋಗಿದ್ದಿರಾ ಎಂದು ಡಾಕ್ಟರರು ಕೇಳಿದಾಗ ಮನೆಯವರು ಇಲ್ಲವೆಂದರು. ಕೆಲಸ ಬಿಟ್ಟು ಬಂದದ್ದು ಗೊತ್ತಾದರೆ ಮುಕಾದಮ ಉಚಲ್ ಹಣ ಮರಳಿ ಕೇಳುತ್ತಾನೆಂಬ ಹೆದರಿಕೆ ಅವರದು. ಗುಡಿಸಲಿನಲ್ಲಿ ರಾತ್ರಿಯೆಲ್ಲ ಇಲಿಗಳು ಮೈಮೇಲೆ ಹರಿದಾಡುತ್ತಿದ್ದವೆಂದು ದಾರಿಯಲ್ಲಿ ನನಗೆ ಹೇಳಿದವರು ಅಲ್ಲಿ ಬಾಯಿ ಬಿಡಲಿಲ್ಲ. ನಾನೂ ಸುಮ್ಮನೆ ನಿಂತೆ. ಮರುದಿನ ಮನಸ್ಸು ತಡೆಯದೆ ಹೋಗಿ ಎಲ್ಲವನ್ನೂ ಹೇಳಿದೆ. ಔಷಧ ಬದಲಾಯಿತು, ಅವರು ಉಳಿದರು. ಅದು ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ. ಬ್ಯಾಕ್ಟೀರಿಯಾದ ರೋಗವಾದ್ದರಿಂದ ಮದ್ದು ಇತ್ತು. ವೈರಸ್ಸಿನಿಂದ ಬರುವ ಜ್ವರವಾಗಿದ್ದರೆ? ಅವುಗಳಲ್ಲಿ ಅನೇಕಕ್ಕೆ ನೇರವಾದ ಮದ್ದೇ ಇಲ್ಲ. ರೋಗ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದೇ ಅಲ್ಲಿ ಅರ್ಧ ಚಿಕಿತ್ಸೆ.

ಈ ಪತ್ತೆಯ ಕೆಲಸ ಹೇಗೆ ನಡೆಯುತ್ತದೆಂಬುದಕ್ಕೆ ಕನ್ನಡ ನಾಡಿನದೇ ಉದಾಹರಣೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರ, ತಲೆಶೂಲೆ, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ ಬಂತು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದಾಗ ಅವರಿಗಿದ್ದ ಮೊದಲ ಭಯ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬುದು. ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ಬಳಗದ್ದು!

ಮುಂದಿನದು ತಾಳ್ಮೆಯ ಕೆಲಸ. ಕಾಡಿನ ತರಗೆಲೆಯ ಮೇಲೆ ಬಟ್ಟೆ ಎಳೆದು ಉಣ್ಣೆಗಳನ್ನು ಹಿಡಿದರು. ಮಲೆನಾಡಿನವರು ಅದಕ್ಕೆ ಉಣುಗು ಎನ್ನುತ್ತಾರೆ. ಬೋನಿಟ್ಟು ಕಾಡಿಲಿ, ಮೂಗಿಲಿಗಳನ್ನು ಹಿಡಿದು ರಕ್ತ ಪರೀಕ್ಷಿಸಿದರು. ಮಂಗ ನಮ್ಮಂತೆಯೇ ರೋಗಕ್ಕೆ ಬಲಿಯಾಗುವ ಪ್ರಾಣಿ. ಎಳೆಯ ಉಣ್ಣೆಗಳು ರಕ್ತ ಹೀರುವ ಇಲಿ, ಮೂಗಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದುಕೊಳ್ಳುತ್ತದೆ. ಬೆಳೆದ ಉಣ್ಣೆಗಳನ್ನು ಸಾಕುವುದು ಕಾಡಿಗೆ ಮೇಯಲು ಹೋಗುವ ನಮ್ಮ ದನಗಳೇ. ಇದೆಲ್ಲ ಗೊತ್ತಾಗಲು ವರ್ಷಗಳು ಹಿಡಿದವು. ಆದರೆ ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಗಂಟು ಹಾಕಿ ಹೇಳಿದ ಹಳ್ಳಿಯವರ ಮಾತು ಇಲ್ಲದಿದ್ದರೆ ವಿಜ್ಞಾನಿಗಳು ಎಲ್ಲಿ ಹುಡುಕಬೇಕಿತ್ತು?

ಬಯಲು ಸೀಮೆಯ ಜತ್ತಕ್ಕೂ ಮಲೆನಾಡಿನ ಕಾಡಿಗೂ ಏನು ಸಂಬಂಧ ಎನ್ನಬೇಡಿ. ಅದೇ ರೋಗ 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ನಮ್ಮದೇ ರಾಜ್ಯದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. ಗೇರು ತೋಟಕ್ಕೆ ಕೂಲಿಗೆ ಹೋದವರಿಗೆ ಉಣ್ಣೆ ಊರು ಕೇಳಿ ಕಚ್ಚುವುದಿಲ್ಲ.

ಅಮೇರಿಕಾದ ಒಂದು ಸಂಗತಿಯನ್ನೂ ಹೇಳಬೇಕು. 1993ರ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೋ ಸುತ್ತಿನ ಒಣ ಸೀಮೆಯಲ್ಲಿ, ನವಾಹೊ ಎಂಬ ಮೂಲನಿವಾಸಿಗಳ ನಡುವೆ, ಗಟ್ಟಿಮುಟ್ಟಾದ ಯುವಕರು ಉಸಿರುಗಟ್ಟಿ ಸಾಯತೊಡಗಿದರು. ಕೆಲವೇ ವಾರಗಳಲ್ಲಿ ಅದು ಹಂಟಾ ಗುಂಪಿನ ವೈರಸ್ ಎಂದು ಗೊತ್ತಾಯಿತು; ಇಲಿಯ ಮಲಮೂತ್ರ ಒಣಗಿ ಧೂಳಾಗಿ ಉಸಿರಿನೊಡನೆ ಒಳಹೋಗುವ ರೋಗ. ಬರದ ಮೇಲೆ ಒಳ್ಳೆಯ ಮಳೆಯಾಗಿ, ಕಾಡಿನ ಕಾಳು ಹೇರಳವಾಗಿ, ಇಲಿಗಳು ವಿಪರೀತ ಹೆಚ್ಚಿದ್ದವು. ಇಂಥ ವರ್ಷಗಳಲ್ಲಿ ಇಲಿಯಿಂದ ಕೇಡು ಎಂದು ಅಲ್ಲಿನ ಹಿರಿಯರು ಮೊದಲೇ ಬಲ್ಲವರಾಗಿದ್ದರು. ಆದರೆ ಪತ್ರಿಕೆಗಳು ಅದನ್ನು ನವಾಹೊ ಜ್ವರವೆಂದು ಕರೆದು ಸಾವಿನ ಮನೆಗಳಿಗೆ ಅವಮಾನ ಮಾಡಿದವು. ಕೊನೆಗೆ ಆ ವೈರಸ್ಸಿಗೆ ಇಟ್ಟ ಹೆಸರಿನ ಅರ್ಥವೇ 'ಹೆಸರಿಲ್ಲದ್ದು'. ಬರದ ಮೇಲೆ ಮಳೆ, ಮಳೆಯ ಮೇಲೆ ಇಲಿ ಎಂಬ ಲೆಕ್ಕವನ್ನು ಜತ್ತದ ರೈತನಿಗೆ ಯಾರೂ ಕಲಿಸಬೇಕಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ತಪ್ಪು ಎರಡೂ ಕಡೆ ಇದೆ. ನಾವು ಸಾಲಕ್ಕೆ, ನಾಚಿಕೆಗೆ, ಊರಿಗೆ ಕೆಟ್ಟ ಹೆಸರು ಬರುತ್ತದೆಂಬ ಭಯಕ್ಕೆ ಸುದ್ದಿ ಮುಚ್ಚಿಡುತ್ತೇವೆ. ತನಿಖೆಗೆ ಬರುವವರೋ ರಕ್ತ ತೆಗೆದುಕೊಂಡು ಜೀಪು ಹತ್ತುತ್ತಾರೆ. ಫಲಿತಾಂಶ ಏನಾಯಿತೆಂದು ಕೊಟ್ಟವನಿಗೆ ತಿಳಿಸುವವರು ಎಷ್ಟು ಮಂದಿ? ಒಮ್ಮೆ ರಕ್ತ ಕೊಟ್ಟು ಉತ್ತರ ಸಿಗದವನು ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ. ಅವನನ್ನು ಅಜ್ಞಾನಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಉತ್ತರವನ್ನು ಕನ್ನಡದಲ್ಲಿ, ಅವನ ಮನೆಗೇ ಬಂದು ಹೇಳಬೇಕು. ನಮ್ಮ ಊರಿನ ಮುದುಕಿಯರಿಗೆ ಮರಾಠಿಯ ಕಾಗದ ಕೊಟ್ಟರೆ ಅದು ಒಲೆಗೇ ಹೋಗುತ್ತದೆ.

ಜನರೂ ತನಿಖೆದಾರರೂ ಕೂಡಿದರೆ ಏನಾಗುತ್ತದೆಂಬುದಕ್ಕೆ ಬೊಲಿವಿಯಾ ದೇಶದ ಸ್ಯಾನ್ ಹೊವಾಕಿನ್ ಎಂಬ ಊರು ಸಾಕ್ಷಿ. 1964ರಲ್ಲಿ ಅಲ್ಲಿ ಮನೆಮನೆಗೆ ಇಲಿಬೋನು ಇಟ್ಟರು. ಲಸಿಕೆ ಇಲ್ಲ, ಮದ್ದಿಲ್ಲ. ಬರಿಯ ಬೋನಿನಿಂದಲೇ ಊರನ್ನು ಖಾಲಿ ಮಾಡುತ್ತಿದ್ದ ರಕ್ತಸ್ರಾವದ ಜ್ವರ ನಿಂತಿತು.

ಬಹುದಿನ ಮುಚ್ಚಿದ ಹಗೇವು, ಜೋಳದ ಚೀಲದ ಕೋಣೆ, ಕಣಿಕೆಯ ಬಣವೆ ತೆಗೆಯುವಾಗ ಒಣ ಕಸಬರಿಗೆ ಆಡಿಸಬೇಡಿ. ಕೋಣೆಯ ಬಾಗಿಲು ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿರಿ; ಇಲಿಯ ಹಿಕ್ಕೆಯ ಮೇಲೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ನೆನೆಯಲು ಬಿಟ್ಟು ಆಮೇಲೆ ಒರೆಸಿ. ಸತ್ತ ಇಲಿಯನ್ನಾಗಲಿ ಮಂಗನನ್ನಾಗಲಿ ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಒಂದೇ ಕಡೆ ನಾಲ್ಕಾರು ಸತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಡಾಕ್ಟರರ ಮುಂದೆ ಯಾವ ಊರಿನ ಫಡದಲ್ಲಿದ್ದೆವು, ಎಲ್ಲಿ ಮಲಗುತ್ತಿದ್ದೆವು, ಏನು ಕಚ್ಚಿತು ಎಂಬುದೆಲ್ಲ ಹೇಳಿ. ಅವರು ಮುಕಾದಮನಿಗೆ ವರದಿ ಕೊಡುವವರಲ್ಲ.

ಈ ಸಲ ಕಬ್ಬಿಗೂ ಕೊಂಕಣಕ್ಕೂ ಹೊರಡುವ ಕುಟುಂಬಗಳ ಹೆಸರು, ಹೋಗುವ ಸ್ಥಳ, ಹೊರಟ ದಿನ ಬರೆದಿಡಲು ನಮ್ಮ ಮನೆಯಲ್ಲಿ ಒಂದು ವಹಿ ಇಟ್ಟಿದ್ದೇನೆ. ಭಾನುವಾರ ಪೂಜೆಯ ನಂತರ ಬಂದು ಬರೆಸಿರಿ. ಉಚಲಿನ ಲೆಕ್ಕ ಅದರಲ್ಲಿ ಬರೆಯುವುದಿಲ್ಲ.