ಯಂತ್ರದ ದಿನಚರಿ

ಕೆಟ್ಟ ಯಂತ್ರದ ಮೇಲೆ ಕೋಪಿಸಿಕೊಳ್ಳುವುದು ಮನುಷ್ಯಸ್ವಭಾವ. ಆದರೆ ಕೋಪದಲ್ಲಿ ಮಾಡಿದ ಚಿಕಿತ್ಸೆ ರೋಗಕ್ಕಿಂತಲೂ ಘೋರವಾಗಬಲ್ಲುದು. ಕಳೆದ ಮಳೆಗಾಲದಲ್ಲಿ ನಾನು ಕಲಿತ ಪಾಠವಿದು. ತೆತ್ತ ಶುಲ್ಕ ತುಸು ಹೆಚ್ಚೇ ಆಯಿತು.

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು, ಎಂದರೆ ಕರ್ನೆಲನ್ನು, ಬರೆಯಲಾರಂಭಿಸಿದರು. ದಿವಂಗತ ತಂದೆಯವರ ದಿನಚರಿಯನ್ನು ನಾನು ಈ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ತಾಯಿಯವರ ದೃಷ್ಟಿ ಮಂದವಾಗುತ್ತಿದೆ. ದಪ್ಪಕ್ಷರದಲ್ಲಿ ಅಚ್ಚು ಹಾಕಿಕೊಟ್ಟರೆ ಅವರೇ ಓದಿಯಾರೆಂಬ ಆಸೆ. “ಎಲ್ಲಿಯವರೆಗೆ ಬಂತಪ್ಪ?” ಎಂದು ದಿನವೂ ಸಂಜೆ ಕೇಳುವರು.

ಒಂದು ದಿನ ಬರೆಯುತ್ತಿದ್ದಂತೆಯೇ ಪರದೆ ಸ್ತಬ್ಧವಾಯಿತು. ಕೀಲಿಮಣೆಗೂ ಓಗೊಡದು, ಮೌಸಿಗೂ ಓಗೊಡದು. ಇದು ಮೂರು ಸಲವಾದ ಮೇಲೆ ಸಹನೆ ಮೀರಿ, ಡಿಸ್ಕನ್ನೇ ಅಳಿಸಿ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಿದೆ. ತೆಗೆದಿಟ್ಟಿದ್ದ ಪ್ರತಿ ಹಳೆಯದೆಂಬುದು ಆಮೇಲೆ ತಿಳಿಯಿತು. 40 ಪುಟಗಳು ಹೋಗಿದ್ದವು. ಮರುದಿನ ಪರದೆ ಪುನಃ ಸ್ತಬ್ಧ!

ವಾರದ ನಂತರ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಲಾಗ್ ನೋಡಿದಿರಾ ಸಾರ್?”

ಯಂತ್ರವೂ ದಿನಚರಿ ಬರೆಯುತ್ತದೆ! ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆಯ ಮುಂದೆ ಅಡ್ಡಗೆರೆ ‘ಬಿ’, ಅಡ್ಡಗೆರೆ 1 ಎಂದು ಸೇರಿಸಿದರೆ, ಹಿಂದಿನ ಸಲ ಯಂತ್ರ ನಡೆದಾಗಿನ ದಾಖಲೆ, ಅದು ಡಿಸ್ಕಿನಲ್ಲಿ ಉಳಿದಿದ್ದಲ್ಲಿ, ತೆರೆದುಕೊಳ್ಳುತ್ತದೆ. ಓದಬೇಕಾದುದು ಅದರ ಕೊನೆಯ ಸಾಲುಗಳನ್ನು. ಸ್ಮೃತಿಸ್ಥಳ ಸಾಲದೆ ಹೋಗಿದ್ದರೆ ‘ಔಟ್ ಆಫ್ ಮೆಮೊರಿ’ ಎಂದೂ, ಡಿಸ್ಕು ಸವೆದಿದ್ದರೆ ‘ಐ/ಓ ಎರರ್’ ಎಂದೂ ಸಾಮಾನ್ಯವಾಗಿ ಕಾಣಸಿಗುತ್ತದೆ. ಹೊಸ ಕರ್ನೆಲ್ ಬಂದಂದಿನಿಂದ ತೊಂದರೆ ಮೊದಲಾಗಿದ್ದರೆ, ಆರಂಭದ ಪಟ್ಟಿಯಲ್ಲಿ ಹಳೆಯ ಕರ್ನೆಲನ್ನೇ ಆರಿಸಿ ನೋಡಬಹುದು.

ನಮ್ಮ ಯಂತ್ರದ ದಾಖಲೆಯಲ್ಲಿ ಒಂದು ದಿನ ಬ್ರೌಸರ್ ಬಿದ್ದಿತ್ತು, ಮತ್ತೊಂದು ದಿನ ಬೆರಳಚ್ಚಿನ ತಂತ್ರಾಂಶ, ಮೂರನೆಯ ದಿನ ಇನ್ನಾವುದೋ. “ದಿನಕ್ಕೊಬ್ಬರು ಬೀಳುತ್ತಿದ್ದರೆ ದೋಷ ಬಿದ್ದವರದಲ್ಲ, ನೆಲದ್ದು ಸಾರ್” ಎಂದು ಅವನು ನಕ್ಕ. ‘ಮೆಮ್‌ಟೆಸ್ಟ್ 86 ಪ್ಲಸ್’ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಿದೆವು. ಬೆಳಗಿನ ವೇಳೆಗೆ ತಪ್ಪುಗಳ ಸಾಲೇ ಇತ್ತು. ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿದಾಗ ಅಪರಾಧಿ ಸಿಕ್ಕಿತು. ಅದೊಂದನ್ನು ಬದಲಿಸಿದೆವು, ಅಂದಿನಿಂದ ಯಂತ್ರ ನಿಂತಿಲ್ಲ.

ತಂದೆಯವರ ದಿನಚರಿಯನ್ನು ಅಕ್ಷರ ಬಿಡದೆ ಓದುತ್ತಿದ್ದವನು ಯಂತ್ರದ ದಿನಚರಿಯನ್ನು ಓದದೆ ಅಳಿಸಿಬಿಟ್ಟಿದ್ದೆ. ಓದಿದ್ದರೆ ಆ 40 ಪುಟಗಳು ಉಳಿಯುತ್ತಿದ್ದವು. ಮೊದಲು ಕಡತಗಳ ಪ್ರತಿ, ಬಳಿಕ ದಾಖಲೆಯ ವಾಚನ, ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ: ಈ ಕ್ರಮ ತಪ್ಪಬಾರದು.

ತಾಯಿ ಈಗಲೂ ಸಂಜೆ ಕೇಳುತ್ತಾರೆ, “ಎಲ್ಲಿಯವರೆಗೆ ಬಂತಪ್ಪ?” ಅಂದಂದಿನ ಪುಟಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಟ್ಟ ಮೇಲೆಯೇ ನಾನು ಉತ್ತರ ಕೊಡುವುದು.