ಬೇಸ್‌ಗೆ ಬೇರೆ ಡಬ್ಬ ಬೇಕು ಗುರೂ!

ಗಣೇಶನ ಪೆಂಡಾಲಲ್ಲಿ ರಸಮಂಜರಿ. 1981ರ ‘ಗೀತಾ’ ಚಿತ್ರದ ಇಳಯರಾಜಾ ಹಾಡು ಶುರು. ಶಿಳ್ಳೆಯೋ ಶಿಳ್ಳೆ! ಎರಡನೇ ಚರಣಕ್ಕೆ ಬೇಸ್ ಗಿಟಾರ್ ‘ಭರ್ರ್’ ಅಂತು. ಬಾಡಿಗೆ ಡಬ್ಬದ ಸ್ಪೀಕರ್ ಹರಿದಿತ್ತು. ನುಡಿಸಿದ ಹುಡುಗನ ಅಂದಿನ ಸಂಭಾವನೆಯೆಲ್ಲ ಅದಕ್ಕೇ ಹೋಯ್ತು. ‘ಗಿಟಾರ್ ಆಂಪ್ಲಿಫೈಯರೇ ಸಾಕು ಬಿಡೋ’ ಅಂದವನು ನಾನು!

ಕೇಳಿ ಗೆಳೆಯರೇ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಮಾಮೂಲಿ ಗಿಟಾರಿನದು 82. ತಗ್ಗಿದ ದನಿಗೆ ಸ್ಪೀಕರ್ ಹೆಚ್ಚು ಗಾಳಿ ತಳ್ಳಬೇಕು. ಅದಕ್ಕೇ ಬೇಸ್ ಆಂಪ್ಲಿಫೈಯರೇ ಬೇಕು.

ವಾಟ್ ದುಪ್ಪಟ್ಟಾದರೂ ಏರೋದು 3 ಡೆಸಿಬೆಲ್ ಮಾತ್ರ. ಸಣ್ಣ ವೇದಿಕೆಗೆ 100 ವಾಟ್, ಹನ್ನೆರಡಿಂಚಿನ ಸ್ಪೀಕರ್ ಸಾಕು. ಜನಕ್ಕೆ ಕೇಳಿಸೋಕೆ ಡಿ.ಐ. ಬಾಕ್ಸ್ ಮೂಲಕ ಮೈಕ್‌ಸೆಟ್‌ನವರ ಮಿಕ್ಸರ್‌ಗೆ ಕೊಡಿ.

ಈ ವಾರದ ಅಂಕಣದ ಸಂಭಾವನೆ? ಆ ಹುಡುಗನಿಗೇ!